ಡಾಕ್ಟರು ಆಡಿದ ಮೂರು ಪದ

ಅಪ್ಪ ನಂಜನಗೂಡಿಂದ ಟಿ. ನರಸೀಪುರಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರಾಗಿದ್ದ. ಅಕ್ಕನನ್ನು ನರಸೀಪುರಕ್ಕೇ ಕೊಟ್ಟಿತ್ತು. ಮಧ್ಯಾಹ್ನದ ಟ್ರಿಪ್ಪಿಗೆ ಅವಳು ಬಸ್‌ಸ್ಟ್ಯಾಂಡಿಗೆ ಬಂದು ಅಪ್ಪನಿಗೆ ಮಜ್ಜಿಗೆ ಕೊಟ್ಟು ಹೋಗುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡುವವರಲ್ಲ. ಬಸ್ಸಿನ ನೆರಳಲ್ಲಿ ಹತ್ತು ನಿಮಿಷ ನಿಲ್ಲುವುದು, ಅಷ್ಟೆ. "ಮದ್ವೆ ಮಾಡ್ಕೊಟ್ಟ ಮಗಳ್ನ ದಿನಾ ನೋಡೋ ಭಾಗ್ಯ ಯಾರ್ಗದೆ?" ಅಂತ ಅಪ್ಪ ಮನೆಯಲ್ಲಿ ಹೇಳುತ್ತಿದ್ದ.

ನಾನು ಎರಡನೆಯವಳು. ನನ್ನ ಇಂಗ್ಲಿಷಿನ ಬಗ್ಗೆ ಅವನಿಗೆ ಬಲು ಹೆಮ್ಮೆ. ಬಸ್ಸಿನ ಬಿಡಿಭಾಗದ ರಟ್ಟಿನ ಡಬ್ಬಿ, ವಿಮೆ ಕಾಗದ, ಯಾರೋ ಸೀಟಿನಲ್ಲಿ ಬಿಟ್ಟುಹೋದ ಪೇಪರು, ಏನು ಸಿಕ್ಕರೂ ತಂದು ಮುಂದಿಟ್ಟು "ಓದವ್ವ, ಏನಂತ ಬರ್ದವ್ರೆ?" ಅನ್ನುತ್ತಿದ್ದ. ಗೊತ್ತಿದ್ದದ್ದನ್ನು ಹೇಳುತ್ತಿದ್ದೆ. ಗೊತ್ತಿಲ್ಲದ್ದನ್ನೂ ಅಂದಾಜಿನ ಮೇಲೆ ಹೇಳಿಬಿಡುತ್ತಿದ್ದೆ. ನಮ್ಮ ಮನೆಯಲ್ಲಿ ತಪ್ಪು ಹಿಡಿಯುವವರು ಯಾರೂ ಇರಲಿಲ್ಲ. ಹಾಗೇ ಅದು ಅಭ್ಯಾಸವಾಯಿತು.

ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ, ತೊಂಬತ್ತರ ದಶಕದ ನಡುವಿನಲ್ಲಿ, ಅಪ್ಪನ ಕಣ್ಣು ಹಳದಿಯಾಯಿತು. ಕಾಮಾಲೆ. ತಾಂಡವಪುರದಿಂದ ಸೊಪ್ಪಿನ ಔಷಧಿ ತಂದು ಮೂರು ವಾರ ಕುಡಿದ. ಉಪ್ಪು ಬಿಟ್ಟ, ಎಣ್ಣೆ ಬಿಟ್ಟ, ಬಸ್ಸನ್ನು ಮಾತ್ರ ಬಿಡಲಿಲ್ಲ. ಒಂದು ದಿನ ದಾರಿಯಲ್ಲೇ ಬಸ್ಸು ನಿಲ್ಲಿಸಿ, ಇಳಿದು, ಚಕ್ರಕ್ಕೆ ಒರಗಿ ಕೂತುಬಿಟ್ಟನಂತೆ. ಕಂಡಕ್ಟರು ನಂಜನಗೂಡಿನ ಒಂದು ನರ್ಸಿಂಗ್ ಹೋಮಿಗೆ ಸೇರಿಸಿ ನಮಗೆ ಹೇಳಿ ಕಳಿಸಿದ. ಅಷ್ಟು ಹೊತ್ತಿಗೆ ಕಾಲು ಊದಿ ಮಾತು ತೊದಲುತ್ತಿತ್ತು.

ಅಕ್ಕ ಆಗ ಏಳು ತಿಂಗಳ ಬಸುರಿ. ಹಿಂದೊಂದು ಸಲ ಬಸಿರು ನಿಂತಿರಲಿಲ್ಲ. ಆ ಹಳ್ಳ ಬಿದ್ದ ರಸ್ತೆಯಲ್ಲಿ ಅವಳನ್ನು ಬಸ್ಸಿನಲ್ಲಿ ಕರೆಸಿ, ಅಪ್ಪನನ್ನು ಆ ಸ್ಥಿತಿಯಲ್ಲಿ ತೋರಿಸುವುದಕ್ಕೆ ಅವ್ವನಿಗೆ ಭಯ. "ಜೀವುಕ್ಕೇ ಬಂದದೆ ಅಂದ್ರೆ ಕರುಸ್ಬುಡಾನ. ಇಲ್ದಿದ್ರೆ ಬ್ಯಾಡ" ಅಂದಳು. ಅಪ್ಪ ಎಚ್ಚರವಾದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ: "ದೊಡ್ಡವಳು ಬಂದ್ಲಾ?"

ಮೂರನೆಯ ದಿನ ಸಂಜೆ ದೊಡ್ಡ ಡಾಕ್ಟರು ಬಂದರು. ಇಂಗ್ಲೆಂಡಿನಲ್ಲಿ ಓದಿ ಬಂದವರು ಅಂತ ಆಯಾ ಹೇಳಿದ್ದಳು. ಅಪ್ಪನ ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಹೊಟ್ಟೆ ಒತ್ತಿದರು, ಪಕ್ಕದಲ್ಲಿದ್ದ ಚಿಕ್ಕ ಡಾಕ್ಟರಿಗೆ ಮೆಲ್ಲಗೆ ಅಂದರು: "ಹೀಸ್ ಹ್ಯಾಡ್ ಇಟ್. ಪೂರ್ ಚ್ಯಾಪ್."

ಅವ್ವ ಕೈಮುಗಿದು "ಎಂಗದೆ ಸಾ?" ಅಂದಳು.

"ನಮ್ಮ ಕೈಲಾದ್ದು ಮಾಡ್ತಿದೀವಮ್ಮ. ದೇವರಿದಾನೆ" ಅಂದು ಅವರು ಮುಂದಿನ ಮಂಚಕ್ಕೆ ಹೋದರು.

ಅವ್ವ ನನ್ನ ಕೈಹಿಡಿದು ಬಾಗಿಲಾಚೆ ಎಳೆದುಕೊಂಡು ಬಂದಳು. "ಅವರವರೇ ಇಂಗ್ಲೀಷ್ನಲ್ಲಿ ಅಂದ್ಕಂಡ್ರಲ್ಲ, ಅದೇನು ಯೋಳವ್ವ."

ಮೊದಲ ಮೂರೂ ಪದ ನನಗೆ ಗೊತ್ತಿದ್ದವೇ. ಐದನೇ ಕ್ಲಾಸಿನ ಮಕ್ಕಳಿಗೂ ಗೊತ್ತಿರುವಂಥವು. ಹ್ಯಾಡ್ ಅಂದರೆ ತೆಗೆದುಕೊಂಡ, ಪಡೆದ. ಇಟ್ ಅಂದರೆ ಅದನ್ನು. ಅದನ್ನು ಪಡೆದಿದ್ದಾನೆ. ಯಾವುದನ್ನು? ಔಷಧಿಯನ್ನೇ ಇರಬೇಕು. ಪೂರ್ ಅಂದರೆ ಬಡವ. ಚ್ಯಾಪ್ ಗೊತ್ತಿರಲಿಲ್ಲ. ಚಿಕ್ಕ ಡಾಕ್ಟರು ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿ ಕೈ ತೊಳೆಯುತ್ತಿದ್ದರು. ಹೋಗಿ ಕೇಳಬಹುದಿತ್ತು. ಅದೂ ಬೇಡ, "ಗೊತ್ತಾಗ್ಲಿಲ್ಲ ಕಣವ್ವ" ಅಂದಿದ್ದರೂ ಸಾಕಿತ್ತು. ಆ ಮಾತನ್ನು ನಾನು ನಮ್ಮ ಮನೆಯವರ ಮುಂದೆ ಯಾವತ್ತೂ ಆಡಿರಲಿಲ್ಲ.

"ಔಷ್ದಿ ಹಿಡ್ದದೆ ಅಂದ್ರು ಕಣವ್ವ" ಅಂದೆ. "ಬಡವ ಅಂತ ಮರುಗಿದ್ರು."

ಅವ್ವ ಸೆರಗಿನಲ್ಲಿ ಮುಖ ಒತ್ತಿಕೊಂಡು ಅತ್ತಳು. ಮೂರು ದಿನದಲ್ಲಿ ಮೊದಲ ಸಲ ಅತ್ತದ್ದು. ಆಮೇಲೆ, "ಅಂಗಾದ್ರೆ ಅವಳ್ನ ಕರ್ಸಾದು ಬ್ಯಾಡ. ಓಗಿ ಫೋನ್ ಮಾಡ್ಬುಡು" ಅಂದಳು.

ಎಸ್‌ಟಿಡಿ ಬೂತಿಂದ ಅಕ್ಕನ ಮನೆ ಪಕ್ಕದ ಅಂಗಡಿಗೆ ಫೋನು ಮಾಡಿದೆ. ಅವರು ಹೋಗಿ ಕರೆದುಕೊಂಡು ಬಂದರು. ಅಕ್ಕ ಏದುಸಿರು ಬಿಡುತ್ತಿದ್ದಳು.

"ನಿಜ ಯೋಳು, ನಾನು ಬರ್ಲಾ? ಈಗ ಹೊಂಟ್ರೂ ಬಸ್ ಸಿಕ್ತದೆ."

"ಬ್ಯಾಡ ಕಣಕ್ಕ. ಔಷ್ದಿ ಹಿಡ್ದದೆ ಅಂತ ಡಾಕ್ಟ್ರೇ ಅಂದ್ರು."

"ಡಾಕ್ಟ್ರೇ ಅಂದ್ರಾ?"

"ನಾನೇ ಕಿವಿಯಾರೆ ಕೇಳ್ದೆ."

ಮಾರನೆಯ ಬೆಳಿಗ್ಗೆ ಒಂಬತ್ತರೊಳಗೆ ಅಪ್ಪ ಹೋದ. ಅದಕ್ಕೆ ಮುಂಚೆ ಎರಡು ಸಲ ಬಾಗಿಲ ಕಡೆ ನೋಡಿದ.

ಅಕ್ಕ ಬಂದದ್ದು ಅಪ್ಪ ಓಡಿಸುತ್ತಿದ್ದ ಬಸ್ಸಿನಲ್ಲೇ. ಬದಲಿ ಡ್ರೈವರು ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ತಂದಿದ್ದ. ಹೊಟ್ಟೆ ಹಿಡಿದುಕೊಂಡು ಅಪ್ಪನ ಕಾಲ ಹತ್ತಿರ ಕೂತಳು. ನನ್ನ ಕಡೆ ತಿರುಗಿ ಕೇಳಿದಳು: "ಡಾಕ್ಟ್ರು ಅಂಗಂದಿದ್ರು ಅಂದ್ಯಲ್ಲ?"

"ಅಂದಿದ್ರು" ಅಂದೆ.

ಅಲ್ಲಿಂದ ಆ ಡಾಕ್ಟರು ನಮ್ಮ ವಂಶಕ್ಕೆಲ್ಲ ಸುಳ್ಳುಗಾರರಾದರು. ತಿಥಿಗೆ ಬಂದವರೆಲ್ಲ ಅವರಿಗೆ ಹಿಡಿಶಾಪ ಹಾಕಿದರು. ಪೇಟೆಯಲ್ಲಿ ಅವರ ಕಾರು ಕಂಡರೆ ಅವ್ವ ನಿಂತು ಮಣ್ಣು ತೂರುತ್ತಿದ್ದಳು. ನಾನು ಪಕ್ಕದಲ್ಲೇ ಇರುತ್ತಿದ್ದೆ. ಡಾಕ್ಟರ ಲೆಕ್ಕಾಚಾರವೇ ತಪ್ಪಿರಬೇಕು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅರ್ಧ ನಂಬಿಯೂ ಇದ್ದೆ.

ನಾಲ್ಕು ವರ್ಷವಾದ ಮೇಲೆ, ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ, ಲೈಬ್ರರಿಯಲ್ಲಿ ಆಡುಮಾತಿನ ಇಂಗ್ಲಿಷ್ ಪದಗಳ ದಪ್ಪ ನಿಘಂಟೊಂದು ಕೈಗೆ ಸಿಕ್ಕಿತು. ನಿಂತುಕೊಂಡೇ "ಹ್ಯಾಡ್ ಇಟ್" ಇದ್ದ ಪುಟ ತೆರೆದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ವಾಯುಪಡೆಯವರಿಂದ ಹರಡಿದ ಮಾತಂತೆ ಅದು. ಏನಾದರೂ ಮುಗಿದುಹೋದ ಮೇಲೆ ಕೇಳಲು ಬಂದವನಿಗೆ "ನಿಂದಾಯ್ತು ಬಿಡು" ಅಂತ ಗೇಲಿ ಮಾಡುತ್ತಿದ್ದರು. ಇನ್ನು ನಿನಗದು ಸಿಗುವುದಿಲ್ಲ ಅಂತ ಅರ್ಥ. ಆಮೇಲೆ ಮನುಷ್ಯನ ಕತೆ ಮುಗಿಯಿತು ಅನ್ನುವುದಕ್ಕೂ ಅದೇ ಮಾತಾಯಿತು. ವಿಮಾನದೊಂದಿಗೆ ಉರುಳಿ ಸತ್ತ ಗೆಳೆಯನನ್ನು "ಬಿಯರ್ ಕುಡಿಯಕ್ಕೆ ಹೋದ" ಅನ್ನುವಂಥ ಮಾತೂ ಅವರಲ್ಲಿ ಇತ್ತಂತೆ. ನಾವು ಶಿವನ ಪಾದ ಸೇರಿದ ಅಂತೀವಿ, ಅಪ್ಪನ ಜೊತೆಯ ಡ್ರೈವರುಗಳು ಟಿಕೆಟ್ ತಗೊಂಡ ಅನ್ನುತ್ತಿದ್ದರು. ಸತ್ತ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಚ್ಯಾಪ್ ಅಂದರೆ ಮೊದಲು ತಿರುಗಾಡಿ ಮಾರುವ ವ್ಯಾಪಾರಿ, ಆಮೇಲೆ ಯಾವನೋ ಒಬ್ಬ ಅಂತಾಯಿತು. ಪೂರ್ ಅಂದದ್ದು ಬಡವ ಅಂತ ಅಲ್ಲವೇ ಅಲ್ಲ, ಅಯ್ಯೋ ಪಾಪ ಅಂತ. ಡಾಕ್ಟರು ಇದ್ದದ್ದನ್ನೇ ಹೇಳಿದ್ದರು. ಮರುಗಿಯೂ ಇದ್ದರು.

ಪದದ ಬೇರಿನ ತನಕ ತಿಳಿದುಕೊಂಡು ಏನು ಮಾಡುವುದು? ಪುಸ್ತಕ ಮುಚ್ಚಿ ಕಪಾಟಿಗೆ ಸೇರಿಸಿದೆ. ಊರಿಗೆ ಹೋದಾಗ ಅವ್ವನ ಹತ್ತಿರ ಎರಡು ಸಲ ಮಾತು ತೆಗೆದೆ, ಎರಡು ಸಲವೂ ಬೇರೇನೋ ಹೇಳಿ ಮುಗಿಸಿದೆ. ಅವಳು ಆ ಡಾಕ್ಟರಿಗೆ ಶಾಪ ಹಾಕುತ್ತಲೇ ತೀರಿಕೊಂಡಳು.

ಎರಡು ಸಾವಿರದ ಈಚೆಗೆ ನರಸೀಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವ ಕೆಲಸ ಸಿಕ್ಕಿತು. ಅಕ್ಕನ ಮನೆಗೆ ನಾಲ್ಕು ಹೆಜ್ಜೆ ದೂರದಲ್ಲೇ ಮನೆ ಮಾಡಿದೆ. ಅವಳ ಮಗಳಿಗೆ ಆಗ ಎಂಟು ವರ್ಷ. ಒಂದು ಭಾನುವಾರ ಅಕ್ಕನೂ ನಾನೂ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ಚಿಕ್ಕ ಡಾಕ್ಟರು ಕೈ ತೊಳೆಯುತ್ತಿದ್ದದ್ದನ್ನೂ ಹೇಳಿದೆ.

ಅಕ್ಕ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಮೊರ ತುಂಬಿದ ಮೇಲೆ, "ನಂಗೆ ಇಂಗ್ಲೀಷ್ ಬರಾಕಿಲ್ಲ ಕಣೆ" ಅಂದಳು. "ನಾನಾಗಿದ್ರೆ ಕೇಳ್ತಿದ್ದೆ."

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆ ದಿನವೂ ಊಟಕ್ಕೆ ಬಡಿಸಿದಳು, ಈಗಲೂ ಹಬ್ಬಕ್ಕೆ ಕರೆಯುತ್ತಾಳೆ, ಎಲೆ ತುಂಬ ಬಡಿಸುತ್ತಾಳೆ. ನನ್ನನ್ನು ಮಾತ್ರ ಏನನ್ನೂ ಕೇಳುವುದಿಲ್ಲ. ಆ ಭಾನುವಾರದ ನಂತರದ ಜೂನ್‌ನಲ್ಲಿ ಮಗಳನ್ನು ಇಂಗ್ಲಿಷ್ ಟ್ಯೂಷನ್ನಿಗೆ ಸೇರಿಸಿದಳು, ಎರಡು ಬೀದಿ ಆಚೆ, ಯಾರೋ ಮೇಷ್ಟ್ರ ಮನೆಗೆ. ಮಗು ಚೀಲ ನೇತುಹಾಕಿಕೊಂಡು ದಿನಾ ಸಂಜೆ ನನ್ನ ಬಾಗಿಲ ಮುಂದೆಯೇ ಹೋಗುತ್ತಿತ್ತು.