ಕಾಗದದ ಮೇಲೆ ಉಳಿದ ಆರು ನಿಮಿಷ

ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ನಮ್ಮ ದೊಡ್ಡಮ್ಮನನ್ನು ಎಲ್ಲರೂ ‘ಗಡಿಯಾರಮ್ಮ’ ಎಂದೇ ಕರೆಯುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಸಹಾಯಕಿಯಾಗಿದ್ದಾಳೆ. ಗಾಜಿನ ಪುಟ್ಟ ತೊಟ್ಟಿಯೊಂದರಲ್ಲಿ ಬೆಚ್ಚಗಿನ ಉಪ್ಪುನೀರು ಇರುತ್ತದೆ. ಅದರೊಳಗೆ ಇಲಿಯ ಮೂತ್ರಕೋಶದಿಂದ ಕತ್ತರಿಸಿದ, ಅಕ್ಕಿಕಾಳಿಗಿಂತ ತುಸು ಉದ್ದದ ಸ್ನಾಯುವಿನ ಎಳೆಯನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟಿರುತ್ತಾರೆ. ದೊಡ್ಡಮ್ಮ ಔಷಧಿಯ ಹನಿ ಹಾಕುತ್ತಾಳೆ. ಎಳೆ ಕುಗ್ಗುತ್ತದೆ, ಪಕ್ಕದಲ್ಲಿ ಉರುಳುವ ಕಾಗದದ ಮೇಲೆ ಲೇಖನಿ ಮೇಲೇರುತ್ತದೆ. ಸರಿಯಾಗಿ ಎರಡು ನಿಮಿಷಕ್ಕೆ ಹಳೆಯ ನೀರು ಬಿಟ್ಟು, ಹೊಸದನ್ನು ತುಂಬಿ ಎಳೆಯನ್ನು ತೊಳೆಯಬೇಕು. ಆಗ ಎಳೆ ಸಡಿಲವಾಗಿ ಲೇಖನಿ ಕೆಳಗಿಳಿಯುತ್ತದೆ. ಇದರಲ್ಲಿ ಅವಳು ಒಂದು ಕ್ಷಣವೂ ತಪ್ಪಿದವಳಲ್ಲ. ಅದಕ್ಕೇ ಈ ಪ್ರಯೋಗ ನಡೆಸುವ ಡಾಕ್ಟರಮ್ಮ ಪಕ್ಕದ ಕೋಣೆಯಲ್ಲಿ ನಿಶ್ಚಿಂತೆಯಿಂದ ಕೂತಿರುತ್ತಿದ್ದರು.

ಐವತ್ತೆರಡು ತುಂಬಿದ ವರ್ಷ ದೊಡ್ಡಮ್ಮನಿಗೆ ಹೊಸ ಕಷ್ಟ ಶುರುವಾಯಿತು. ಮೂತ್ರಕ್ಕೆ ಅವಸರ ಬಂತೆಂದರೆ ಮೆಟ್ಟಿಲು ಇಳಿಯುವಷ್ಟೂ ಪುರುಸೊತ್ತಿಲ್ಲ. ಅವಳು ಯಾರಿಗೂ ಹೇಳಲಿಲ್ಲ. ನೀರು ಕುಡಿಯುವುದನ್ನೇ ಬಿಟ್ಟಳು. ಬೆಳಿಗ್ಗೆ ಎರಡು ಗುಟುಕು, ಆಮೇಲೆ ಸಂಜೆ ಮನೆಗೆ ಬಂದ ಮೇಲೆಯೇ. ಚೀಲದ ತಳದಲ್ಲಿ ಇನ್ನೊಂದು ಲಂಗ. ಕೊನೆಗೆ ಒಂದು ದಿನ ನನ್ನನ್ನು ಕೂರಿಸಿಕೊಂಡು, “ನಿನ್ನ ಅಕ್ಷರ ದುಂಡಗಿದೆ, ಕೆಲಸ ಬಿಡ್ತೀನಿ ಅಂತ ಬರಿ. ಮೊಣಕಾಲು ನೋವು ಅಂತ ಕಾರಣ ಹಾಕು” ಅಂದಳು. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಮೊಣಕಾಲು ನೋವಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಬರೆದೆ.

ಪತ್ರ ಹಿಡಿದು ಹೋದ ದಿನ ಡಾಕ್ಟರಮ್ಮ ತೊಟ್ಟಿಯ ಪಕ್ಕದ ಮೇಜಿನ ಉದ್ದಕ್ಕೂ ಕಾಗದ ಹಾಸಿಕೊಂಡು ನಿಂತಿದ್ದರು.

“ಬನ್ನಿ ಗಡಿಯಾರಮ್ಮ. ಇಲ್ಲಿ ಲೇಖನಿ ಎರಡು ನಿಮಿಷಕ್ಕೆ ಇಳೀಬೇಕಿತ್ತು. ಆರು ನಿಮಿಷ ಮೇಲೇ ನಿಂತಿದೆ. ದಾಖಲೆ ಪುಸ್ತಕದಲ್ಲಿ ಮಾತ್ರ ಎರಡು ಅಂತ ಬರೆದಿದೀರಿ. ಇಂಥವು ಹನ್ನೊಂದಿವೆ. ಎಲ್ಲಿಗೆ ಹೋಗಿದ್ರಿ?”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಯಾರಿಗೂ ತಿಳಿಯದೆಂದು ದೊಡ್ಡಮ್ಮ ಕೆಳಗಿನ ಶೌಚಾಲಯಕ್ಕೆ ಓಡಿ ಹೋಗಿ ಬರುತ್ತಿದ್ದಳು. ಆ ಓಟವನ್ನೆಲ್ಲ ಲೇಖನಿ ಬರೆದಿಟ್ಟುಕೊಂಡಿತ್ತು!

“ಮೊಣಕಾಲು ನೋವು, ಮೇಡಂ...”

“ಆರೇ ನಿಮಿಷಕ್ಕೆ ಬಂದು ಹೋಗೋ ಮೊಣಕಾಲು ನೋವಾ?”

ಆಗ ದೊಡ್ಡಮ್ಮ ಅತ್ತುಬಿಟ್ಟಳು. “ತಡೆಯೋಕೆ ಆಗಲ್ಲ ಮೇಡಂ. ನನಗೇ ಹಿಡಿತ ಇಲ್ಲ. ಮಕ್ಕಳ ಥರ ಆಗ್ಬಿಟ್ಟಿದೀನಿ.”

ಡಾಕ್ಟರಮ್ಮ ಅವಳನ್ನು ಮೇಜಿನ ಹತ್ತಿರ ಕರೆದರು. ಆಮೇಲೆ ಕೇಳಿದರು, “ಮೂರು ವರ್ಷದಿಂದ ನಾವಿಲ್ಲಿ ಏನು ನೋಡ್ತಿದೀವಿ, ಗೊತ್ತಾ?”

“ನಾನು ತೊಳೆಯೋಳು. ನನಗೇನು ಗೊತ್ತು?”

ಅವರು ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟರು. ಒಂದೇ ಔಷಧಿ, ಅಷ್ಟೇ ಹನಿ. ಮೊದಲನೆಯದು ಅಂಡಾಶಯ ತೆಗೆದ ಇಲಿಗಳದು. ಗೆರೆ ಎತ್ತರಕ್ಕೆ ಚಿಮ್ಮಿತ್ತು, ಹನಿ ಹಾಕದಿದ್ದಾಗಲೂ ಮುಳ್ಳುಮುಳ್ಳಾಗಿ ನಡುಗಿತ್ತು. ಎರಡನೆಯದು ಅಂಥ ಇಲಿಗಳಿಗೇ, ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜನ್ ಎಂಬ ಹಾರ್ಮೋನು ಕೊಟ್ಟ ಮೇಲಿನದು. ಗೆರೆ ತಗ್ಗಾಗಿತ್ತು.

“ಸ್ನಾಯುವಿನ ಕಣದಲ್ಲಿ ಹಾರ್ಮೋನು ಬಂದು ಕೂರೋ ಜಾಗ ಇರುತ್ತೆ, ಗ್ರಾಹಕ ಅಂತೀವಿ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಈ ಹಾರ್ಮೋನು ಬರೋದು ಕಡಿಮೆ. ಜಾಗ ಖಾಲಿ ಇದ್ರೆ ಸ್ನಾಯು ಸಣ್ಣದಕ್ಕೂ ಸಿಡುಕಬಹುದು. ನಿಮ್ಮದೂ ಅದೇ ಅಂತ ಹೇಳೋಕಾಗಲ್ಲ, ಪರೀಕ್ಷೆ ಮಾಡಿಸ್ಬೇಕು. ಚಿಕಿತ್ಸೆ ಇದೆ. ನೀರು ಸರಿಯಾಗಿ ಕುಡೀತೀರಿ ತಾನೇ?”

“ಬಿಟ್ಟಿದೀನಿ.”

“ಅಯ್ಯೋ ಪುಣ್ಯಾತ್ಗಿತ್ತಿ! ಮೂತ್ರ ಗಟ್ಟಿಯಾದಷ್ಟೂ ಮೂತ್ರಕೋಶಾನ ಕೆಣಕಿದ ಹಾಗೆ!”

ದೊಡ್ಡಮ್ಮ ತೊಟ್ಟಿಯತ್ತ ತಿರುಗಿದಳು. ಎಳೆ ತನ್ನಷ್ಟಕ್ಕೆ ತಾನೇ ಚಿಟುಕ್ಕೆಂದು ಕುಗ್ಗಿತು. ಅದಕ್ಕೆ ತಲೆ ಇಲ್ಲ, ಮನಸ್ಸಿಲ್ಲ, ನಾಚಿಕೆ ಇಲ್ಲ. ಹಿಡಿತ ಇಟ್ಟುಕೋ ಎಂದು ಗದರಿಸಲು ಅಲ್ಲಿ ಯಾರೂ ಇಲ್ಲ. ಮೂರು ವರ್ಷ ತನ್ನ ಕೈಯಾರೆ ಇದನ್ನು ತೊಳೆಯುತ್ತ, ಒಂದು ವರ್ಷ ತನ್ನನ್ನೇ ಬೈದುಕೊಂಡಿದ್ದಳಲ್ಲ!

“ಆ ಹನ್ನೊಂದು ಕಾಗದ, ಮೇಡಂ?”

“ಲೆಕ್ಕಕ್ಕಿಲ್ಲ. ಹನ್ನೊಂದನ್ನೂ ಮೊದಲಿಂದ ಮಾಡಬೇಕು. ನೀವೇ ಮಾಡ್ಬೇಕು.”

ಪತ್ರ ಚೀಲದಲ್ಲೇ ಮನೆಗೆ ಮರಳಿತು. ದೊಡ್ಡಮ್ಮ ಅದನ್ನು ನನ್ನ ಕೈಗೆ ಕೊಟ್ಟು, ಒಂದು ಲೋಟ ನೀರನ್ನು ನಿಧಾನವಾಗಿ, ಹೆದರಿ ಹೆದರಿ ಕುಡಿದಳು.

ಮರುದಿನ ಎಲ್ಲರೆದುರೇ ಕೂಗಿದಳಂತೆ, “ಮೇಡಂ, ನಾನು ಹೋಗಿ ಬರ್ತೀನಿ, ತೊಟ್ಟಿ ನೋಡ್ಕೊಳ್ಳಿ!” ಡಾಕ್ಟರಮ್ಮ ಓಡಿ ಬಂದು ನೀರು ಬದಲಾಯಿಸುವಷ್ಟರಲ್ಲಿ ಎರಡು ನಿಮಿಷ ದಾಟಿ ಹತ್ತು ಸೆಕೆಂಡು ಆಗಿತ್ತಂತೆ. ದೊಡ್ಡಮ್ಮ ಬಂದವಳೇ ಕಾಗದ ನೋಡಿ, ಪುಸ್ತಕದಲ್ಲಿ ಆ ಹತ್ತು ಸೆಕೆಂಡನ್ನೂ ಬರೆದಳಂತೆ.