ಕೆಂಪಿನ ಮೇಲೆ ಗಿಳಿ

ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಗಳ ಮುಂದೆ ನಿಂತ ಜಾಹೀರಾತು ಫಲಕದ ಸುಂದರಿಯರನ್ನು ಲೋಕವೆಲ್ಲ ಕಣ್ಣು-ಮೂಗು ನೋಡಿ ಮೆಚ್ಚುತ್ತದೆ; ನಾನೊಬ್ಬ ಮಾತ್ರ ಅವರ ಕೂದಲಂಚಿಗೆ ಅಂಟಿದ ಕೊಳಕು ಗೆರೆಯನ್ನು ನೋಡಿ ಮುಖ ಸಿಂಡರಿಸುತ್ತೇನೆ. ಇದು ಅರಸಿಕತೆಯಲ್ಲ ಸ್ವಾಮಿ, ವೃತ್ತಿರೋಗ.

ರೋಗ ಅಂಟಿದ್ದು ಎರಡು ಸಾವಿರದ ಇಸವಿಯ ಈಚೆಗೆ, ಇಂದಿರಾನಗರದ ಒಂದು ಸ್ಟುಡಿಯೋದಲ್ಲಿ. ಅಂಟಿಸಿದವರು ಶಿವಾಜಿನಗರದ ಇಮ್ತಿಯಾಜ್ ಭಾಯ್. ಕಂಪ್ಯೂಟರಿನಲ್ಲಿ ಹುಟ್ಟಿದ ಚಿತ್ರವನ್ನು ಕ್ಯಾಮೆರಾ ಹಿಡಿದ ಚಿತ್ರದೊಳಗೆ ಬೆಸೆಯುವುದರಲ್ಲಿ ನಮ್ಮೆಲ್ಲರ ಗುರು. ಅಂಥ ಚಿತ್ರದ ಬೆನ್ನಿಗೆ ಆಲ್ಫಾ ಎಂಬ ಕಪ್ಪುಬಿಳುಪಿನ ಸಂಗಾತಿ ಬರುತ್ತದೆ. ವಸ್ತು ಎಲ್ಲಿದೆ, ಎಲ್ಲಿಲ್ಲ, ಎಲ್ಲಿ ಇದ್ದೂ ಇಲ್ಲದಂತಿದೆ ಎಂದು ಹೇಳುವುದು ಅದೇ. ಆ ಇದ್ದೂ ಇಲ್ಲದ ಅಂಚಿನ ಬಣ್ಣದಲ್ಲಿ ಕಪ್ಪು ಮೊದಲೇ ಬೆರೆತಿರುತ್ತದೆ. ಅದನ್ನು ಬಿಡಿಸದೆ ಬಣ್ಣ ತಿದ್ದಿದರೆ ಅಂಚಿನಲ್ಲಿ ಗೆರೆ ಏಳುತ್ತದೆ. ಒಂದು ಜಾಹೀರಾತಿಗೆ ನಾನು ಬೆಸೆದ ಮೊದಲ ಕಂಪ್ಯೂಟರ್ ಗಿಳಿ ಹೀಗೆಯೇ ಬೂದಿಯಲ್ಲಿ ಹೊರಳಿದಂತೆ ತೆರೆಗೆ ಬಂದಿತ್ತು.

"ಏ ಮಗಾ, ಮೊದ್ಲು ಆಲ್ಫಾದಿಂದ ಭಾಗ್ಸಿ ಕಪ್ಪು ಬಿಡ್ಸು, ಆಮೇಲೆ ಬಣ್ಣ ತಿದ್ದು, ಕೊನೇಗೆ ಮತ್ತೆ ಗುಣ್ಸು. ಅಕ್ಕಿ ತೊಳೀದೆ ಬಿರಿಯಾನಿ ಮಾಡ್ತಾರೇನೋ?" ಎಂದು ಗದರಿದರು ಭಾಯ್.

ಆಮೇಲೆ ಚಿತ್ರದ ಹಿಂದೆ ಕಡುಗೆಂಪು ಹಾಕಿ ನೋಡಬೇಕು. ಕೆಂಪಿನ ಮೇಲೆ ಯಾವ ಗೆರೆಯೂ ಅಡಗದು. ಇದು ಅವರ ಕಟ್ಟಪ್ಪಣೆ.

ನಾನೋ ಎಲ್ಲರನ್ನೂ ಅಣಕಿಸುವ ಪ್ರಾಣಿ. ಸ್ಟುಡಿಯೋ ಯಜಮಾನರ ಕೆಮ್ಮು, ಸಂಬಳ ಕೇಳುವಾಗಿನ ನನ್ನದೇ ಕೀರಲು ದನಿ, ಯಾವುದನ್ನೂ ಬಿಟ್ಟವನಲ್ಲ. ಒಂದು ಮಧ್ಯಾಹ್ನ ಭಾಯ್ ಊಟಕ್ಕೆ ಹೋಗಿದ್ದಾಗ ಅವರ ಕುರ್ಚಿಯಲ್ಲಿ ಕೂತು, ಅವರು ಈಚೆಗೆ ಮಾಡುತ್ತಿದ್ದಂತೆ ತೆರೆಗೆ ಮೂಗು ತಾಗಿಸಿ, ಕೋಳಿಯ ಹಾಗೆ ಕತ್ತು ಹೊರಳಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ನಗು ಮಾತ್ರ ಅರ್ಧಕ್ಕೇ ನಿಂತಿತು. ಇದು ನೋಡುವವನ ಕತ್ತಲ್ಲ, ತಡಕಾಡುವವನ ಕತ್ತು ಎಂದು ನನ್ನ ಕತ್ತಿಗೇ ಹೊಳೆದಿತ್ತು.

ಸಂಜೆ ಚಹಾದಂಗಡಿಯಲ್ಲಿ ಭಾಯ್‌ರನ್ನೇ ಕೇಳಿದೆ. "ಶುಗರ್ ಕಣ್ಣಿಗೆ ಹತ್ತಿದೆಯಂತೆ. ಹೋಗಿದ್ದು ವಾಪಸ್ ಬರಲ್ಲ ಅಂದ್ರು ಡಾಕ್ಟ್ರು," ಎಂದರು. "ಯಾರ್ಗೂ ಹೇಳ್ಬೇಡ. ಕಣ್ಣು ಹೋಯ್ತು ಅಂದ್ರೆ ಕುರ್ಚೀನೂ ಹೋಗುತ್ತೆ."

ಅಂದಿನಿಂದ ಅವರು ಹೇಳುವುದು, ನಾನು ಅಂಚು ನೋಡುವುದು. ಆದರೆ ಜ್ವರವೆಂದು ನಾನು ಮರ್ಫಿ ಟೌನಿನ ಮನೆಯಲ್ಲಿ ಮಲಗಿದ್ದಾಗ ಒಂದು ಗಿಳಿಯನ್ನು ಅವರೊಬ್ಬರೇ ಮುಗಿಸಿದ್ದರು. ನಾನು ಮರಳಿದ ದಿನವೇ ದೀಪವಾರಿಸಿ ಅದನ್ನು ಕೆಂಪಿನ ಮೇಲೆ ಯಜಮಾನರಿಗೆ ತೋರಿಸಲಾಯಿತು.

"ಇಮ್ತಿಯಾಜ್, ಅಂಚು ಸರಿ ಇದೆಯೇನ್ರೀ?" ಎಂದರು ಯಜಮಾನರು.

ಎಡರೆಕ್ಕೆಯುದ್ದಕ್ಕೂ ಗೆರೆ ಢಾಳಾಗಿತ್ತು. ಪಕ್ಕದಲ್ಲಿ ಭಾಯ್ ಕತ್ತು ಹೊರಳಿಸಿ ತಡಕಾಡುತ್ತಿದ್ದರು. ಕತ್ತಲಲ್ಲಿ, ಅವರದೇ ದನಿಯಲ್ಲಿ, ನಾನು ಹೇಳಿದೆ: "ಎಡಗಡೆ ರೆಕ್ಕೆ ಹತ್ರ ಗೆರೆ ಉಳ್ಕೊಂಡಿದೆ ಸಾರ್. ಸಾಯಂಕಾಲದೊಳ್ಗೆ ತೆಗೀತೀನಿ."

"ಭೇಷ್," ಎಂದರು ಯಜಮಾನರು. ಜನ್ಮದಲ್ಲೇ ನಾನು ಅಷ್ಟು ಚೆನ್ನಾಗಿ ಯಾರನ್ನೂ ಅನುಕರಿಸಿರಲಿಲ್ಲ.

"ಲೈಟ್ ಹಾಕಿ ಸಾರ್," ಎಂದಿತು ನಿಜವಾದ ದನಿ. "ಮಾತಾಡಿದ್ದು ಈ ಹುಡ್ಗ. ಗೆರೆ ಕಂಡಿದ್ದು ಇವ್ನಿಗೆ. ನಂಗೆ ಗಿಳೀನೇ ಸರಿಯಾಗಿ ಕಾಣಿಸ್ತಿಲ್ಲ."

ದೀಪ ಹತ್ತಿತು. ಭಾಯ್ ನನ್ನ ಭುಜ ಹಿಡಿದು ಎದ್ದರು. ಇಷ್ಟು ದಿನ ಗೋಡೆ ಸವರಿಕೊಂಡು ನಡೆದವರು, ಎಲ್ಲರೆದುರು, ಬಚ್ಚಿಡದೆ.

"ನಡಿಯೋ," ಎಂದರು, "ಮೆಟ್ಲು ಬಂದಾಗ ಹೇಳು."