ದಿನಾ ಬೆಳಿಗ್ಗೆ ಒಂದು ಹನಿ

ನಮ್ಮ ಲ್ಯಾಬಿನ ರಿಜಿಸ್ಟರಿನಲ್ಲಿ ‘ನಾರ್ಮಲ್’ ಅಂತ ಒಂದು ಕಾಲಂ ಇತ್ತು. ಮೊದಲ ತಿಂಗಳು ಬಿಟ್ಟರೆ ಎರಡು ವರ್ಷ ಅದರಲ್ಲಿ ದಾಖಲಾಗಿದ್ದು ಒಬ್ಬರೇ ಮನುಷ್ಯರ ರಕ್ತದ ಸಕ್ಕರೆ. ಬರೆದವಳು ನಾನು. ಅಕ್ಷರ ದುಂಡಗಿದೆ, ಎಲ್ಲಿಯೂ ಕಾಟಿಲ್ಲ, ಚಿತ್ತಿಲ್ಲ. ನಮ್ಮ ಮುಖ್ಯಸ್ಥರು ಆ ಪುಟಗಳನ್ನು ಬಂದವರಿಗೆಲ್ಲ ತೋರಿಸಿ ಹೊಗಳುತ್ತಿದ್ದರು. ಅದರ ಕೊನೆಯ ಪುಟಗಳೆಲ್ಲ ಸುಳ್ಳು. ಆ ಸುಳ್ಳಿಗೆ ಒಬ್ಬರು ಕಾಲು ತೆತ್ತರು.

ಎಂಬತ್ತರ ದಶಕದ ಮೊದಲ ಭಾಗ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ ನಾನು ಟ್ರಂಕು, ಹಾಸಿಗೆ ಸುರುಳಿ ಸಮೇತ ಯಶವಂತಪುರದಲ್ಲಿ ರೈಲು ಇಳಿದು, ಅಲ್ಲೇ ಒಂದು ವಠಾರದಲ್ಲಿ ದೂರದ ಸಂಬಂಧದ ಅತ್ತೆಯೊಬ್ಬರ ಜೊತೆ ಬಿಡಾರ ಹೂಡಿದ್ದೆ. ಕೆಲಸ ಜಾಲಹಳ್ಳಿಯಿಂದ ಆಚೆ, ನೀಲಗಿರಿ ತೋಪಿನ ಪಕ್ಕದ ಶೀಟು ಹೊದಿಸಿದ ಪ್ರಯೋಗಶಾಲೆಯಲ್ಲಿ. ಅದರ ಹೆಸರು ಬೇಡ. ವಾಚ್‌ಮನ್ ಒಬ್ಬನನ್ನು ಬಿಟ್ಟರೆ ಅಲ್ಲಿ ನಾವು ಮೂರೇ ಜನ. ಮುಖ್ಯಸ್ಥರು ವಿದೇಶದಲ್ಲಿ ಓದಿ ಬಂದವರು, ಒಳ್ಳೆಯ ಮನುಷ್ಯ, ಆದರೆ ತಮ್ಮ ಮಾತಿಗೆ ತಾವೇ ಬೇಗ ಒಪ್ಪಿಬಿಡುವವರು. ನಾನು ಅವರ ಸಹಾಯಕಿ. ಮೂರನೆಯವರು ಗಾಜು ಊದುವ ಕಸುಬಿನವರು, ನಮ್ಮ ಬಾಯಲ್ಲಿ ‘ಯಜಮಾನರು’. ವಯಸ್ಸು ನಲವತ್ತೈದರ ಆಸುಪಾಸು, ಮಾಕಳಿಯಿಂದ ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದರು. ಬಾಗಿಲಿನಷ್ಟು ಅಗಲದ ಎದೆ. ಗಾಜು ಊದಿ ಊದಿ ಉಬ್ಬಿದ್ದು ಅಂತ ನಾವು ರೇಗಿಸುತ್ತಿದ್ದೆವು.

ಆ ಕಾಲದಲ್ಲಿ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ತೋಳಿನಿಂದ ಸಿರಿಂಜಿನಲ್ಲಿ ರಕ್ತ ಎಳೆದು, ರಾಸಾಯನಿಕ ಬೆರೆಸಿ, ಕುದಿಸಿ, ಬಣ್ಣ ನೋಡಿ ಲೆಕ್ಕ ಹಾಕಬೇಕಿತ್ತು. ನಾವು ಮಾಡಹೊರಟಿದ್ದು ಒಂದೇ ಹನಿಯಲ್ಲಿ, ಒಂದೆರಡು ನಿಮಿಷದಲ್ಲಿ ಉತ್ತರ ಹೇಳುವ ಉಪಕರಣ. ಪೆನ್ನಿನಷ್ಟು ಉದ್ದದ ಗಾಜಿನ ಕೊಳವೆ, ಅದರ ತುದಿಯಲ್ಲಿ ಕೂದಲೆಳೆಯಂಥ ಪ್ಲಾಟಿನಂ ತಂತಿ, ತಂತಿಯ ಮೇಲೆ ಕಿಣ್ವ ಹಚ್ಚಿದ ತೆಳ್ಳನೆಯ ಪೊರೆ. ಕಿಣ್ವ ರಕ್ತದ ಸಕ್ಕರೆಯನ್ನು ಒಡೆಯುತ್ತದೆ, ಒಡೆದಾಗ ಹುಟ್ಟುವ ವಸ್ತು ತಂತಿಗೆ ತಾಕಿ ತುಸು ವಿದ್ಯುತ್ತು ಹರಿಯುತ್ತದೆ, ಮೀಟರಿನ ಮುಳ್ಳು ಏಳುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಮುಳ್ಳು ಮೇಲೆ. ಕಾದ ಗಾಜಿನೊಳಗೆ ಆ ತಂತಿಯನ್ನು ಒಂದು ಗುಳ್ಳೆಯೂ ಉಳಿಯದಂತೆ ಕೂರಿಸುವುದು ಯಜಮಾನರ ಕೈಚಳಕ. ಮುಖ್ಯಸ್ಥರ ಡಿಗ್ರಿಗಳಾಗಲಿ ನನ್ನ ಚಿನ್ನದ ಪದಕವಾಗಲಿ ಆ ಕೆಲಸಕ್ಕೆ ಬರುತ್ತಿರಲಿಲ್ಲ.

ಉಪಕರಣ ಸರಿಯಾಗಿದೆಯೇ ಎಂದು ನೋಡಲು ದಿನಾ ಬೆಳಿಗ್ಗೆ ಮೊದಲು ಅಳತೆಯ ಸಕ್ಕರೆ ನೀರು, ಆಮೇಲೆ ಆರೋಗ್ಯವಂತರೊಬ್ಬರ ಖಾಲಿ ಹೊಟ್ಟೆಯ ರಕ್ತ ಹಾಕಬೇಕಿತ್ತು. ಮೊದಲ ತಿಂಗಳು ಮೂವರೂ ಬೆರಳು ಕೊಟ್ಟೆವು. ಹಳೆಯ ವಿಧಾನದಲ್ಲೂ ಮೂವರ ರಕ್ತ ಕುದಿಸಿ ತಾಳೆ ನೋಡಿದೆವು. ಎಲ್ಲರದೂ ಎಂಬತ್ತು ತೊಂಬತ್ತರ ನಡುವೆ. ಆಮೇಲೆ ಒಬ್ಬೊಬ್ಬರದು ಒಂದೊಂದು ನೆಪ ಶುರುವಾಯಿತು. ತಿಂಡಿ ತಿನ್ನದೆ ಬಸ್ಸು ಹತ್ತಿದರೆ ನನಗೆ ತಲೆ ಸುತ್ತುತ್ತಿತ್ತು. ಮುಖ್ಯಸ್ಥರಿಗೆ ಕಾಫಿ ಕುಡಿಯದೆ ಹೊಸಿಲು ದಾಟಿ ಅಭ್ಯಾಸವಿರಲಿಲ್ಲ. ಯಜಮಾನರೊಬ್ಬರೇ ಬರಿ ಹೊಟ್ಟೆಯಲ್ಲಿ ಅಷ್ಟು ದೂರ ಸೈಕಲ್ ತುಳಿದು ಬಂದು, ಬೆವರು ಒರೆಸಿಕೊಂಡು ಬೆರಳು ಚಾಚುತ್ತಿದ್ದರು. ಅದಕ್ಕೆ ಪ್ರತಿಯಾಗಿ ಕ್ಯಾಂಟೀನಿನ ಕೇಸರಿಬಾತು, ಕಾಫಿ ನಮ್ಮ ಕಡೆಯಿಂದ. ಕಾಫಿಗೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿಸುತ್ತಿದ್ದವಳು ನಾನೇ.

ಮುಖ್ಯಸ್ಥರು ಬಂದವರೇ ‘ನಾರ್ಮಲ್ ಬಂದ್ರಾ?’ ಎಂದು ಕೇಳುವುದು ರೂಢಿಯಾಯಿತು. ಯಜಮಾನರಿಗೆ ಆ ಹೆಸರು ಬಲು ಇಷ್ಟ. ಇಡೀ ಲ್ಯಾಬಿನಲ್ಲಿ ತಮ್ಮದೇ ಒಳ್ಳೆಯ ರಕ್ತ, ಮಿಷನ್ನಿಗೆ ಅದೇ ಅಳತೆಗೋಲು ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ನಾವು ಹಲ್ಲು ಕಿರಿದು ಹೌದೌದು ಎಂದಿದ್ದೆವು.

ಒಂದು ವರ್ಷ ಕಳೆದ ಮೇಲೆ ಮುಳ್ಳು ಮೇಲೇರತೊಡಗಿತು. ಒಂದೇ ಸಲ ಅಲ್ಲ. ನೂರು ಮುಟ್ಟಿತು, ಕೆಲವು ವಾರದ ಮೇಲೆ ನೂರಿಪ್ಪತ್ತು. ಸಕ್ಕರೆ ನೀರು ಹಾಕಿದರೆ ಸರಿಯಾದ ಅಂಕಿಯನ್ನೇ ತೋರಿಸುತ್ತಿತ್ತು, ರಕ್ತ ಹಾಕಿದರೆ ಮಾತ್ರ ಹೆಚ್ಚು. ಇದರ ಅರ್ಥ ಈಗ ಹೈಸ್ಕೂಲು ಮಕ್ಕಳಿಗೂ ಹೊಳೆದೀತು. ನಮಗೆ ಹೊಳೆಯಲಿಲ್ಲ. ಯಾಕೆಂದರೆ ಆ ರಕ್ತ ನಾರ್ಮಲ್ ಎಂದು ನಾವೇ ಕಾಲಂ ಹಾಕಿ ಬರೆದಾಗಿತ್ತು. ತಪ್ಪು ಇದ್ದರೆ ಉಪಕರಣದ್ದೇ ಇರಬೇಕು.

ಮೊದಲು ತಪ್ಪು ಹೊರಿಸಿದ್ದು ಗಾಜಿನ ಮೇಲೆ. ತಂತಿ ಕೂರಿಸಿದ ಕಡೆ ರಕ್ತ ಒಳಗೆ ಸೋರುತ್ತಿದೆ ಎಂದು ಮುಖ್ಯಸ್ಥರು ಹೇಳಿದರು. ಯಜಮಾನರು ಮುಖ ಸಪ್ಪೆ ಮಾಡಿಕೊಂಡು ಹೊಸ ಕೊಳವೆ ಮಾಡಿಕೊಟ್ಟರು. ಅದೂ ಹಾಗೇ. ಇನ್ನೊಂದು ಮಾಡಿದರು. ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ಗುಳ್ಳೆ ಹುಡುಕುತ್ತಿದ್ದರು. ಕಣ್ಣು ಮಂಜಾಗ್ತಿದೆ, ಅದಕ್ಕೇ ಸೀಲು ಸರಿ ಬರುತ್ತಿಲ್ಲವೇನೋ ಎಂದು ನನ್ನ ಹತ್ತಿರ ಒಮ್ಮೆ ಹೇಳಿದರು. ಚಾಳೀಸು ಬಂದಿರಬೇಕು, ಕನ್ನಡಕ ಮಾಡಿಸಿಕೊಳ್ಳಿ ಎಂದೆ. ಹೂಜಿಯ ನೀರು ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು. ಬೆಂಕಿ ಮುಂದೆ ಕೂತವರಿಗೆ ಬಾಯಾರಿಕೆ ಸಹಜ ಎಂದುಕೊಂಡೆ. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದುಕೊಂಡರು. ಅದಕ್ಕೂ ಸೈಕಲ್ಲೇ ಕಾರಣ ಎಂದು ನಗಾಡಿದೆವು. ಸಕ್ಕರೆ ಕಾಯಿಲೆಯ ಲಕ್ಷಣಗಳು ನನಗೆ ಬಾಯಿಪಾಠ ಇದ್ದವು. ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದ್ದೆ.

ನೂರೈವತ್ತು ದಾಟಿದಾಗ ಮುಖ್ಯಸ್ಥರು ಹೊಸ ಕಾರಣ ಕಂಡುಹಿಡಿದರು. ರಕ್ತದಲ್ಲಿರುವ ವಿಟಮಿನ್ ಸಿ ಕೂಡ ಆ ತಂತಿಯಲ್ಲಿ ವಿದ್ಯುತ್ತು ಹುಟ್ಟಿಸಬಲ್ಲದು, ಅದು ಸಕ್ಕರೆಯ ವೇಷ ಹಾಕಿಕೊಂಡು ಬರುತ್ತಿದೆ ಎಂದರು. ಮಾತು ಸುಳ್ಳಲ್ಲ, ಅಂಥ ಅಡಚಣೆ ಇರುವುದು ನಿಜವೇ. ಯಜಮಾನರನ್ನು ಕೂರಿಸಿ ವಿಚಾರಿಸಿದರೆ, ಅವರ ಹಿತ್ತಲಲ್ಲಿ ಸೀಬೆ ಮರ, ದಿನಾ ನಾಲ್ಕೈದು ಹಣ್ಣು. ಕಳ್ಳ ಸಿಕ್ಕಿಬಿದ್ದ ಎಂಬಂತೆ ಮುಖ್ಯಸ್ಥರು ನನ್ನತ್ತ ನೋಡಿ ನಕ್ಕರು. ಸೀಬೆ ಬಿಡಿ, ನಿಂಬೆ ಬಿಡಿ, ನೆಲ್ಲಿಕಾಯಿ ಉಪ್ಪಿನಕಾಯಿಯೂ ಬೇಡ ಎಂದು ಅಪ್ಪಣೆಯಾಯಿತು. ಅವರು ಪಥ್ಯದಂತೆ ಪಾಲಿಸಿದರು. ಕೇಸರಿಬಾತು ಮುಂದುವರಿಯಿತು. ಮುಳ್ಳು ಇನ್ನೂ ಮೇಲೆ ಹೋಯಿತು.

ಕಿಣ್ವ ಹಚ್ಚದ ಇನ್ನೊಂದು ತಂತಿ ಮಾಡಿ ಅದರಲ್ಲಿ ರಕ್ತ ಹಾಕಿ ನೋಡೋಣ, ನಿಜವಾಗಿ ವಿಟಮಿನ್ನೇ ಆಗಿದ್ದರೆ ಅಲ್ಲೂ ಮುಳ್ಳು ಏಳಬೇಕಲ್ಲ ಎಂದು ನಾನು ಕೇಳಿದ್ದೆ. ಪ್ಲಾಟಿನಂ ಮುಗಿದಿದೆ, ತರಿಸಲು ಇಂಡೆಂಟು ಹಾಕಿದ್ದೇನೆ ಎಂದರು ಮುಖ್ಯಸ್ಥರು. ಅದು ಬರಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಅವರು ಅಂದರು, ನಾನು ಕಟ್ಟಿದೆ.

ಕೊನೆಗೆ ಮುಖ್ಯಸ್ಥರು ಮೀಟರಿಗೆ, ಸೊನ್ನೆ ಹೊಂದಿಸುವ ನಾಬಿನ ಪಕ್ಕ, ಎರಡನೆಯ ನಾಬ್ ಒಂದನ್ನು ಹಾಕಿದರು. ಸಕ್ಕರೆ ನೀರಿನ ಪರೀಕ್ಷೆ ಮುಗಿದ ಮೇಲೆ, ರಕ್ತ ಹಾಕುವಾಗ ಅದನ್ನು ತಿರುಗಿಸಬೇಕು. ‘ಅಡಚಣೆ’ಯ ಪಾಲನ್ನು ಅದು ಕಳೆದುಬಿಡುತ್ತದೆ. ಎಷ್ಟು ಕಳೆಯಬೇಕು? ಯಜಮಾನರ ರಕ್ತ ಎಂಬತ್ತೈದು ತೋರಿಸುವಷ್ಟು. ಪ್ರತಿ ತಿಂಗಳು ನಾಬ್ ಸ್ವಲ್ಪ ಸ್ವಲ್ಪ ಬಲಕ್ಕೆ ಸರಿಯಿತು, ರಿಜಿಸ್ಟರಿನಲ್ಲಿ ಎಂಬತ್ತೈದು, ಎಂಬತ್ತಾರು, ಎಂಬತ್ತೈದು ಎಂದು ಸಾಲಾಗಿ ಬಂತು. ಯಜಮಾನರು ಬೆರಳಿಗೆ ಹತ್ತಿ ಒತ್ತಿಕೊಂಡು ದಿನಾ ಕೇಳುತ್ತಿದ್ದರು, ಹೇಗಿದೆ ಎಂದು. ಫಸ್ಟ್ ಕ್ಲಾಸ್ ಎನ್ನುತ್ತಿದ್ದೆ.

ಆ ಮಳೆಗಾಲದಲ್ಲಿ ಒಂದು ದಿನ ಕೆಂಪಗೆ ಕಾದ ಗಾಜಿನ ಚೂರು ಅವರ ಕಾಲಿಗೂ ಚಪ್ಪಲಿಗೂ ಮಧ್ಯೆ ಬಿತ್ತು. ಚರ್ಮ ಸುಟ್ಟ ವಾಸನೆ ಮೊದಲು ಬಂದದ್ದು ನನ್ನ ಮೂಗಿಗೆ. ನಾನು ಕೂಗಿದ ಮೇಲೆ ಅವರು ಬಗ್ಗಿ ನೋಡಿದರು. ಉರಿಯೇ ಗೊತ್ತಾಗಲಿಲ್ಲ ಎಂದು ತಮ್ಮ ಗಟ್ಟಿತನಕ್ಕೆ ತಾವೇ ಹೆಮ್ಮೆಪಟ್ಟುಕೊಂಡರು. ಉರಿ ತಿಳಿಯದಿರುವುದೂ ನನ್ನ ಬಾಯಿಪಾಠದ ಪಟ್ಟಿಯಲ್ಲಿತ್ತು, ಆದರೂ ನಾನು ಇಕ್ಕಳ ತಂದು ಚೂರು ತೆಗೆದೆ, ಅಷ್ಟೇ. ಸುಟ್ಟ ಗಾಯಕ್ಕೆ ಅರಿಶಿನ ಎಣ್ಣೆ ಕಟ್ಟಿಕೊಂಡು ಅವರು ಒಂದು ತಿಂಗಳು ಕುಂಟುತ್ತಲೇ ಬಂದರು. ಗಾಯ ಒಣಗಲಿಲ್ಲ.

ಉಪಕರಣವನ್ನು ನೋಡಲು ದೊಡ್ಡ ಅಧಿಕಾರಿಗಳು ಬರುವ ದಿನ ಗೊತ್ತಾಯಿತು. ಅದರ ಹಿಂದಿನ ಬೆಳಿಗ್ಗೆ ಕೊನೆಯ ತಾಲೀಮು. ಯಜಮಾನರು ಬರಲಿಲ್ಲ. ಆ ಎರಡು ವರ್ಷದಲ್ಲಿ ಮೊದಲ ಸಲ. ಕಾಲು ಊದಿದೆಯಂತೆ ಎಂದು ಆ ಕಡೆಯಿಂದ ಬರುವ ವಾಚ್‌ಮನ್ ಹೇಳಿದ. ಬೇರೆ ದಾರಿಯಿಲ್ಲದೆ ನನ್ನ ಬೆರಳನ್ನೇ ಚುಚ್ಚಿಕೊಂಡೆ. ಹನಿ ಹಾಕಿ ಎರಡನೆಯ ನಾಬನ್ನು ಎಂದಿನ ಗುರುತಿಗೆ ತಿರುಗಿಸಿದೆ.

ಮುಳ್ಳು ಏಳಲಿಲ್ಲ. ಎಡಕ್ಕೆ ಬಿತ್ತು. ಸೊನ್ನೆಯನ್ನೂ ದಾಟಿ ಹಿಂದಿನ ಕಂಬಿಗೆ ಒರಗಿಕೊಂಡು ನಿಂತಿತು. ಸೊನ್ನೆಗಿಂತ ಕಡಿಮೆ ಸಕ್ಕರೆ ಇರುವ ನಾನು ಅಲ್ಲಿ ನಿಂತು ಉಸಿರಾಡುತ್ತಿದ್ದೆ.

ಮುಖ್ಯಸ್ಥರು ತಮ್ಮ ಬೆರಳನ್ನೂ ಕೊಟ್ಟರು. ಅವರದೂ ಹಾಗೇ. ನಾನು ನಾಬನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದೆ. ನನ್ನದು ಎಂಬತ್ತೆಂಟಕ್ಕೆ, ಅವರದು ತೊಂಬತ್ತೆರಡಕ್ಕೆ ಬಂದು ನಿಂತಿತು. ಕೆಟ್ಟಿದ್ದು ಉಪಕರಣವಲ್ಲ. ಬೀರು ತೆಗೆದು, ನಾಬ್ ಹಾಕುವ ಮುಂಚಿನ ತಿಂಗಳುಗಳಲ್ಲಿ ಮೀಟರಿಗೆ ಜೋಡಿಸಿದ್ದ ಪೆನ್ನು ಗೀಚಿದ್ದ ಗ್ರಾಫ್ ಸುರುಳಿಗಳನ್ನು ನೆಲದ ಮೇಲೆ ಬಿಡಿಸಿದೆ. ತಿಂಗಳಿಂದ ತಿಂಗಳಿಗೆ ಗೆರೆ ಮೆಟ್ಟಿಲು ಹತ್ತಿದಂತೆ ಹತ್ತಿತ್ತು. ಕಳೆದ ವಾರದ ಅಂಕಿಗೆ ನಾವು ಕಳೆದದ್ದನ್ನು ವಾಪಸ್ಸು ಕೂಡಿಸಿದೆ. ಇನ್ನೂರೆಪ್ಪತ್ತು.

ಮುಖ್ಯಸ್ಥರು ಕುರ್ಚಿಯಲ್ಲಿ ಕೂತರು. ನಾಳಿನ ಕಾರ್ಯಕ್ರಮ ಮುಗಿಯುವ ತನಕ ಯಾರಿಗೂ ಹೇಳುವುದು ಬೇಡ, ಆಮೇಲೆ ನಿಧಾನವಾಗಿ ಡಾಕ್ಟರಿಗೆ ತೋರಿಸೋಣ ಎಂದರು. ಎರಡು ವರ್ಷ ಕಷ್ಟಪಟ್ಟು ಕಲಿತಿದ್ದ ಬೆಂಗಳೂರಿನ ಮಾತು ನನ್ನ ಬಾಯಿಂದ ಮಾಯವಾಯಿತು.

“ಸರ್, ಇದು ಬರೋಬ್ಬರಿ ಇಲ್ರಿ. ನಾ ಈಗ ಹೊಂಟೆ,” ಎಂದೆ.

ಗೊರಗುಂಟೆಪಾಳ್ಯಕ್ಕೆ ಬಂದು ತುಮಕೂರು ರಸ್ತೆಯ ಬಸ್ಸು ಹಿಡಿದು ಮಾಕಳಿಗೆ ಹೋದೆ. ಮನೆಗೆ ಬೀಗ. ಬೆಳಿಗ್ಗೆಯೇ ಲಾರಿಯೊಂದರಲ್ಲಿ ಬೆಂಗಳೂರು ಪೇಟೆಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು ಎಂದು ಪಕ್ಕದ ಮನೆಯವರು ಹೇಳಿದರು. ಬಂದ ದಾರಿಯಲ್ಲೇ ತಿರುಗಿ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತು ನನಗೆ ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡೆ. ಅವರು ಬದುಕಲಿ ಎಂದು ಬೇಡಿದಷ್ಟೇ, ಇದು ನನ್ನಿಂದ ಆದದ್ದು ಎಂದು ಯಾರಿಗೂ ಗೊತ್ತಾಗದಿರಲಿ ಎಂದೂ ಬೇಡಿದೆ. ಆ ಎರಡನೆಯ ಬೇಡಿಕೆಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಾನು ತಲುಪುವಷ್ಟರಲ್ಲಿ ಆಸ್ಪತ್ರೆಯವರಿಗೆ ಕಾಯಿಲೆ ತಿಳಿದಿತ್ತು. ಕೊಳೆತ ಮೇಲಕ್ಕೆ ಏರುತ್ತಿತ್ತು. ಮೂರನೆಯ ದಿನ ಎಡಗಾಲನ್ನು ಮೊಳಕಾಲಿನ ಕೆಳಗೆ ತೆಗೆದರು. ಅಧಿಕಾರಿಗಳು ಬಂದು ಹೋದರೋ ಇಲ್ಲವೋ ನಾನು ಕೇಳಲಿಲ್ಲ.

ಅವರಿಗೆ ಎಲ್ಲ ಹೇಳಲು ಹತ್ತು ದಿನ ಬೇಕಾಯಿತು. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ನಾಬಿನ ವಿಷಯ, ಸೀಬೆ ಹಣ್ಣಿನ ವಿಷಯ, ಇನ್ನೂರೆಪ್ಪತ್ತರ ವಿಷಯ ಒಂದೂ ಬಿಡದೆ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಫ್ಯಾನು ನೋಡುತ್ತಾ ಮಲಗಿದ್ದವರು ಒಂದೇ ಮಾತು ಕೇಳಿದರು.

“ಅಂಗಾರೆ ಗಾಜು ಸೋರ್ತಿರ್ಲಿಲ್ಲ ಅನ್ನಿ?”

ಇಲ್ಲ ಯಜಮಾನ್ರೇ, ಒಂದೂ ಸೋರುತ್ತಿರಲಿಲ್ಲ ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಸಮಾಧಾನವಾಯಿತೋ, ನೋವಾಯಿತೋ ತಿಳಿಯಲಿಲ್ಲ.

ನಾನು ಹೊರಟಾಗ ಅವರ ಹೆಂಡತಿ ವರಾಂಡದ ತನಕ ಬಂದರು. ಕೈಯಲ್ಲಿ ತೊಳೆದ ಊಟದ ಡಬ್ಬಿ. ಒಳಗೆ ನಾನು ಹೇಳಿದ್ದನ್ನೆಲ್ಲ ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದರು. ದನಿ ಏರಿಸಲಿಲ್ಲ.

“ಬಚ್ಚಲಾಗೆ ಇವ್ರು ಉಚ್ಚೆ ಉಯ್ದ ಕಡೆ ಇರುವೆ ಮುತ್ತಕ್ಕೆ ಶುರುವಾಗಿ ವರ್ಷ ಆಯ್ತು ಕಣಮ್ಮ. ನಮ್ಮಪ್ಪಂಗೂ ಇಂಗೇ ಆಗಿತ್ತು, ಡಾಕುಟ್ರತ್ರ ಓಗಿ ಅಂತ ಎರಡು ಸರ್ತಿ ಯೋಳ್ದೆ. ಅದ್ಕೆ ಅವ್ರು, ನಿನಗೇನೇ ಗೊತ್ತು, ಅಷ್ಟು ಓದ್ಕಂಡಿರೋ ಆಯಮ್ಮ ದಿನಾ ಬೆಳಿಗ್ಗೆ ನನ್ನ ರಕ್ತ ನೋಡ್ತಾಳೆ, ಏನಾರ ಇದ್ದಿದ್ರೆ ಯೋಳ್ತಿರ್ಲಿಲ್ವಾ ಅಂದ್ಬಿಟ್ರು.”

ಇಷ್ಟು ಹೇಳಿ ಅವರು ಒಳಗೆ ಹೋದರು. ನಾನು ವರಾಂಡದ ಬೆಂಚಿನ ಮೇಲೆ ಕೂತೆ, ಭೇಟಿಯ ಹೊತ್ತು ಮುಗಿದು ವಾರ್ಡಿನ ಆಯಾ ಬಂದು ಏಳಿ ಎನ್ನುವ ತನಕ ಏಳಲಾಗಲಿಲ್ಲ.